ಕೊನೆಗೆ ಎತ್ತಿಕೊಂಡವರು

ನಮ್ಮೂರಿನಲ್ಲಿ ಮಕ್ಕಳು ಅಳುವುದಿಲ್ಲ. ಅವರನ್ನು ಕೊನೆಗೆ ಎತ್ತಿಕೊಂಡವರು ಅಳುತ್ತಾರೆ. ಮಗು ತೊಟ್ಟಿಲಲ್ಲಿ ಕಾಲಾಡಿಸುತ್ತಾ ಸೂರು ನೋಡುತ್ತಾ ಮಲಗಿರುತ್ತದೆ. ಅದರ ಹಸಿವು, ನಿದ್ದೆ, ಹೊಟ್ಟೆನುಲಿತ, ಹಲ್ಲು ಬರುವ ಸಂಕಟ ಎಲ್ಲವೂ ಎತ್ತಿಕೊಂಡವರ ಮೈಯಲ್ಲಿರುತ್ತವೆ. ಅವರು ಎಷ್ಟು ದೂರ ಹೋದರೂ ಅಷ್ಟೆ, ಇನ್ನೊಬ್ಬರು ಎತ್ತಿಕೊಳ್ಳುವ ತನಕ ಬಿಡುಗಡೆಯಿಲ್ಲ. ಹಾಗಾಗಿ ಬಾಣಂತಿಯನ್ನು ನೋಡಲು ಬರುವ ನೆಂಟರು ಕೈ ಹಿಂದೆ ಕಟ್ಟಿಕೊಂಡೇ ಒಳಗೆ ಬರುತ್ತಾರೆ, ಮೂಗು ಯಾರ ಹಾಗಿದೆ ಎಂದು ದೂರದಿಂದಲೇ ತೀರ್ಮಾನಿಸಿ ಕಾಫಿ ಕುಡಿದು ಹೋಗುತ್ತಾರೆ. ಚುನಾವಣೆಗೆ ನಿಂತವರು ಮಕ್ಕಳನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುವುದಿಲ್ಲ. ಒಬ್ಬರು ಒಮ್ಮೆ ಮೈಮರೆತು ಎತ್ತಿಕೊಂಡರು, ಮುಂದಿನ ಸಭೆಯಲ್ಲಿ ಭಾಷಣದ ನಡುವೆ ಬಿಕ್ಕಿ ಬಿಕ್ಕಿ ಅತ್ತರು, ಭಾರಿ ಅಂತರದಿಂದ ಗೆದ್ದರು. ಅದು ಬೇರೆ ಮಾತು.

ಬೀದಿಯಲ್ಲಿ ಯಾರಾದರೂ ಅಳುತ್ತಿದ್ದರೆ ನಾವು 'ಯಾಕೆ' ಎಂದು ಕೇಳುವುದಿಲ್ಲ. 'ಯಾರದು' ಎಂದು ಕೇಳುತ್ತೇವೆ. ಅಂಚೆಯವ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಒಸಡು ಒತ್ತಿಕೊಂಡು ಗೋಳಾಡುತ್ತಿದ್ದರೆ, ತಂಗಿ ಮಗೂದು ಎನ್ನುತ್ತಾನೆ. ಹಲ್ಲಾ ಎಂದರೆ, ಹೂಂ, ಮೇಲಿನದು ಎನ್ನುತ್ತಾನೆ. ತಮ್ಮದೇ ಕಾರಣಕ್ಕೆ ಅಳುವವರಿಗೂ ಇದರಿಂದ ಬಹಳ ಅನುಕೂಲ. ಅಕ್ಕನ ಮಗೂದು ಎಂದುಬಿಟ್ಟರೆ ಮುಂದಿನ ಪ್ರಶ್ನೆಯೇ ಇಲ್ಲ. ನಮ್ಮೂರಿನಲ್ಲಿ ಇಲ್ಲದ ಅಕ್ಕಂದಿರಿಗೆ ಇರುವಷ್ಟು ಮಕ್ಕಳು ಇರುವ ಅಕ್ಕಂದಿರಿಗೆ ಇಲ್ಲ.

ನಾನು ಇಂದುಮತಿ. ಬಿ.ಎ. ಓದುತ್ತಿರುವಾಗಲೇ ಮದುವೆಯಾಗಿ, ಕೊನೆಯ ವರ್ಷದಲ್ಲಿ ಒಬ್ಬ ಮಗನನ್ನು ಹೆತ್ತೆ. ನನ್ನ ಮಾವ ಅವನಿಗೆ ಅಗಸ್ತ್ಯ ಎಂದು ಹೆಸರಿಟ್ಟರು. ಸಮುದ್ರವನ್ನೇ ಕುಡಿದವನ ಹೆಸರು ನಮ್ಮೂರಿನ ಮಗುವಿಗೆ ಬೇಡ, ಅನುಭವಿಸುವವಳು ನಾನು ಎಂದು ಬೇಡಿಕೊಂಡಿದ್ದೆ. ಯಾರೂ ಕೇಳಲಿಲ್ಲ. ಹುಡುಗ ಹೆಸರಿಗೆ ತಕ್ಕಂತೆ ಬೆಳೆದ. ನನ್ನ ಎಲ್ಲ ಪತ್ರಿಕೆಗಳೂ ಪಾಸಾಗಿದ್ದವು, ತರ್ಕಶಾಸ್ತ್ರವೊಂದನ್ನು ಬಿಟ್ಟು. ಮೊದಲ ಸಲ ಅದನ್ನು ಬರೆಯುವಾಗ ಅವನಿಗೆ ಹಸಿವಾಗಿತ್ತು, ಎರಡನೇ ಸಲ ಕಿವಿನೋವು. ಎರಡು ಸಲವೂ ನನ್ನ ಉತ್ತರಪತ್ರಿಕೆ ಮೌಲ್ಯಮಾಪಕರ ಕೈಗೆ ಹೋದಾಗ ನೀಲಿ ಬಣ್ಣದ ಕೆರೆಯಾಗಿತ್ತಂತೆ. ಮೂರನೇ ಸಲವೂ ಹೋದರೆ ವಿಶ್ವವಿದ್ಯಾಲಯ ಮತ್ತೆ ಅವಕಾಶ ಕೊಡುವುದಿಲ್ಲ, ಅಲ್ಲಿಯವರೆಗೆ ಓದಿದ್ದೆಲ್ಲ ಓದದೇ ಇದ್ದದ್ದಕ್ಕೆ ಸಮ. ನನ್ನ ಅತ್ತೆ ಅದನ್ನು ಇನ್ನೂ ಸರಳವಾಗಿ ಹೇಳಿದ್ದರು, ಈ ಸಲ ಡುಮ್ಕಿ ಹೊಡೆದರೆ ಪುಸ್ತಕ ಅಟ್ಟಕ್ಕೆ, ನೀನು ಒಲೆ ಹತ್ರಕ್ಕೆ ಎಂದು. ಕೆಟ್ಟವರಲ್ಲ. ಅವರ ಕಂಕುಳಲ್ಲಿ ಆಗಲೇ ಮಗಳ ಮಗು ಇತ್ತು. ಆ ಮಗಳು ಬೇರೆ ಊರಿನಲ್ಲಿ ನರ್ಸ್ ಕೆಲಸಕ್ಕೆ ಸೇರಿದ್ದಳು. ಅತ್ತೆ ದಿನವಿಡೀ ಅದಕ್ಕೆ ತಿನ್ನಿಸಿ, ಮಲಗಿಸಿ, ಮಧ್ಯೆ ಮಧ್ಯೆ ಯಾರೂ ಬರದ ಬಾಗಿಲ ಕಡೆ ಸುಮ್ಮನೆ ನೋಡುತ್ತಾ ಕೂರುತ್ತಿದ್ದರು. ಅಗಸ್ತ್ಯನನ್ನೂ ಸ್ವಲ್ಪ ಎತ್ತಿಕೊಳ್ಳಿ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಇನ್ನೊಂದು ಕಂಕುಳು ಇದೆ ಕಣಮ್ಮ, ಇನ್ನೊಂದು ಹೊಟ್ಟೆ ಇಲ್ವಲ್ಲ" ಎಂದಿದ್ದರು.

ಆ ಒಂದು ಪತ್ರಿಕೆಯ ಪಾಠಕ್ಕೆ ನಾನು ಮತ್ತೆ ಹೋಗುತ್ತಿದ್ದ ಕಾಲೇಜಿನಲ್ಲಿ ನನ್ನಂಥ ತಾಯಂದಿರು ಇನ್ನೂ ಕೆಲವರಿದ್ದರು. ಪಾಠದ ನಡುವೆ ನಾವು ಅಳುವುದನ್ನು ಅಧ್ಯಾಪಕರು ಮೊದಮೊದಲು ತಮ್ಮ ಪಾಠದ ಪ್ರಭಾವ ಎಂದು ತಿಳಿದಿದ್ದರು. ಮೌಲ್ಯಮಾಪಕರು ದೂರು ಕೊಟ್ಟ ಮೇಲೆ ಪ್ರಿನ್ಸಿಪಾಲರು ಸಭೆ ಕರೆದು, ಮೊದಲ ಪರಿಹಾರವಾಗಿ ನಮಗೆಲ್ಲ ಒಂದೊಂದು ಬ್ಲಾಟಿಂಗ್ ಪೇಪರ್ ಕೊಡಿಸಿದರು. ಅದರಿಂದ ಪ್ರಯೋಜನವಾಗದಿದ್ದಾಗ ಎರಡನೇ ಪರಿಹಾರವಾಗಿ ಹಳೆಯ ಸೈಕಲ್ ಶೆಡ್ಡಿಗೆ ಸುಣ್ಣ ಬಳಿಸಿ, ತೊಟ್ಟಿಲುಗಳನ್ನೂ ಒಂದು ಸ್ಟೌವನ್ನೂ ಇಡಿಸಿ, ಅದಕ್ಕೆ ವಿದ್ಯಾರ್ಥಿ ಮಾತಾಪಿತೃ ಸಹಾಯ ಕೇಂದ್ರ ಎಂದು ಬೋರ್ಡು ಹಾಕಿಸಿದರು. ಹುಡುಗರು ಅದನ್ನು ಕಂಕುಳು ಕೇಂದ್ರ ಎಂದು ಕರೆದರು. ಆಮೇಲೆ ಪ್ರಿನ್ಸಿಪಾಲರೂ ಹಾಗೇ ಕರೆಯತೊಡಗಿದರು.

ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಆಯಾ ಬಂದರು. ಮೊದಲ ದಿನವೇ ಪ್ರೀತಿಯಿಂದ ಎಲ್ಲ ಮಕ್ಕಳನ್ನೂ ಒಂದಾದ ಮೇಲೊಂದು ಎತ್ತಿ ಮುದ್ದಾಡಿದರು. ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ಮಲಗಿ ಅಮ್ಮಾ ಅಮ್ಮಾ ಎಂದು ನರಳುತ್ತಿದ್ದರು. ನರಳುವವರು ಅಮ್ಮಾ ಎನ್ನದೆ ಇನ್ನೇನು ಅಂದಾರು ಎಂದುಕೊಂಡೆವು. ಮರುದಿನ ಅವರು ಬರಲಿಲ್ಲ. ಒಂದು ಕಂಕುಳಿಗೆ ಒಂದೇ ಮಗು ಎಂಬುದು ಆಗ ಕೇಂದ್ರದ ನಿಯಮವಾಯಿತು, ಎತ್ತಿಕೊಳ್ಳುವ ಕೆಲಸ ನಮ್ಮ ಸಹಪಾಠಿಗಳ ಪಾಲಿಗೆ ಬಂತು. ಮುಂದೆ ಬಂದವರಿಗೆ ಇಂಟರ್ನಲ್ಸ್‌ನಲ್ಲಿ ಐದು ಅಂಕ, ಹೆಗಲಿಗೆ ಒಂದು ಹಳದಿ ಬಟ್ಟೆ. ಬೆಳಿಗ್ಗೆ ನಮ್ಮಿಂದ ಮಗುವನ್ನು ಎತ್ತಿಕೊಂಡು, ತೊಟ್ಟಿಲಲ್ಲಿ ಮಲಗಿಸಿ, ತಾವು ಪಾಠಕ್ಕೆ ಬರುವುದು. ಹೊಟ್ಟೆ ಚುರುಗುಟ್ಟಿದರೆ ಎದ್ದು ಹೋಗಿ ಮಗುವಿಗೆ ತಿನ್ನಿಸಿ ವಾಪಸಾಗುವುದು. ಹಳದಿ ಬಟ್ಟೆಯವರು ಅತ್ತರೂ ತೂಕಡಿಸಿದರೂ ಅಧ್ಯಾಪಕರು ಏನೂ ಅನ್ನುವಂತಿಲ್ಲ. ಕೆಲವೇ ವಾರಗಳಲ್ಲಿ ಕೇಂದ್ರದಲ್ಲಿರುವ ಮಕ್ಕಳಿಗಿಂತ ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುವ ಹಳದಿ ಬಟ್ಟೆಗಳೇ ಜಾಸ್ತಿಯಾದವು.

ಅಗಸ್ತ್ಯನನ್ನು ಎತ್ತಿಕೊಂಡವನು ತಿಪ್ಪೇಶಿ. ನನಗಿಂತ ಚಿಕ್ಕವನು, ತರ್ಕಶಾಸ್ತ್ರದಲ್ಲಿ ನನ್ನ ಹಾಗೇ ಬಾಕಿ ಉಳಿಸಿಕೊಂಡವನು, ಅವನಿಗೆ ಅದಕ್ಕೆ ಮಗುವಿನ ನೆಪವೂ ಇರಲಿಲ್ಲ. ಅಕ್ಕಾ ಎಂದು ಕರೆಯುತ್ತಿದ್ದ. ಅವನಷ್ಟು ಚೆನ್ನಾಗಿ ಅಳುವವರನ್ನು ನಾನು ನೋಡಿಲ್ಲ, ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಕರವಸ್ತ್ರ ಕಚ್ಚಿಕೊಂಡು ಅಳುತ್ತಿದ್ದ, ಕೈ ನೋಟ್ಸ್ ಬರೆಯುತ್ತಲೇ ಇರುತ್ತಿತ್ತು. ಅವನದು ಒಂದೇ ದೋಷ. ಪಾಠದ ನಡುವೆ, ಅಗಸ್ತ್ಯನ ಹೊಟ್ಟೆ ತುಂಬಿ ನಿದ್ದೆಯೂ ಮುಗಿದಿರುವ ಹೊತ್ತಿನಲ್ಲಿ, ಕುತ್ತಿಗೆ ತಿರುಗಿಸಿ ನನ್ನನ್ನೇ ನೋಡುತ್ತಿದ್ದ. ಒಂದು ಸಲವಲ್ಲ, ದಿನವೂ. ಕ್ಲಾಸಿನವರು ಮೊದಲು ಕೆಮ್ಮಿದರು, ಆಮೇಲೆ ಬೋರ್ಡಿನ ಮೇಲೆ ನಮ್ಮಿಬ್ಬರ ಹೆಸರಿನ ಮೊದಲ ಅಕ್ಷರ ಬರೆದರು. ಒಂದು ದಿನ ಅವನನ್ನು ಕೇಂದ್ರದ ಹಿಂದೆ ನಿಲ್ಲಿಸಿಕೊಂಡು, ನನಗೆ ಗಂಡ ಇದ್ದಾನೆ, ಲಾಂಚಿನಲ್ಲಿ ಟಿಕೆಟ್ ಹರಿಯುತ್ತಾನೆ, ತೋಳು ಇಷ್ಟು ದಪ್ಪ ಇದೆ ಎಂದು ಗದರಿದೆ. ಅವನು ಕಿವಿಯವರೆಗೂ ಕೆಂಪಾಗಿ, ಇಲ್ಲ ಅಕ್ಕ, ಕುತ್ತಿಗೆ ಹಿಡ್ಕೊಂಡಿದೆ, ಆ ಕಡೆಗೇ ತಿರುಗುತ್ತೆ ಎಂದ. ಬಾಮು ಹಚ್ಚಿಕೋ ಎಂದೆ. ಮರುದಿನ ಅವನು ಅಮೃತಾಂಜನ ವಾಸನೆ ಬೀರುತ್ತಾ ಕೂತು, ಮತ್ತೆ ನನ್ನನ್ನೇ ನೋಡಿದ.

ಕೇಂದ್ರದ ಮುಖ್ಯಸ್ಥರು ಪಾಂಡುರಂಗಯ್ಯ ಸರ್, ನಮಗೆ ತರ್ಕಶಾಸ್ತ್ರ ಹೇಳಿಕೊಡುವವರು. ಮದುವೆಯಾಗಿರಲಿಲ್ಲ. ಜೀವಮಾನದಲ್ಲಿ ಒಂದು ಮಗುವನ್ನೂ ಎತ್ತಿಕೊಂಡಿರಲಿಲ್ಲ. ಪಂಢರಾಪುರದ ಪಾಂಡುರಂಗ ಕೈಗಳನ್ನು ಸೊಂಟದ ಮೇಲೆ ಇಟ್ಟುಕೊಂಡ, ನಮ್ಮ ಪಾಂಡುರಂಗ ಬೆನ್ನ ಹಿಂದೆ ಕಟ್ಟಿಕೊಂಡ ಎಂದು ಹುಡುಗರು ಹೇಳುತ್ತಿದ್ದರು. ಆದರೆ ಎತ್ತಿಕೊಳ್ಳುವುದರ ಬಗ್ಗೆ ಅವರಷ್ಟು ತಿಳಿದವರಿರಲಿಲ್ಲ. ಪ್ರತಿ ಶನಿವಾರ ಹಳದಿ ಬಟ್ಟೆಯವರನ್ನು ಕೂರಿಸಿಕೊಂಡು ವಾರದ ಅನುಭವ ಕೇಳುತ್ತಿದ್ದರು. ಹಸಿವಿನ ಅಳು ಹೇಗೆ ಬೇರೆ, ನಿದ್ದೆಯ ಅಳು ಹೇಗೆ ಬೇರೆ, ಯಾವ ಹೊಗೆಯ ಹಿಂದೆ ಯಾವ ಬೆಂಕಿ ಎಂದು ವಿವರಿಸುತ್ತಿದ್ದರು. ಆ ಸಭೆಗೆ ತಾಯಂದಿರಿಗೆ ಪ್ರವೇಶವಿರಲಿಲ್ಲ. ಯಾಕೆ ಸರ್ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ನಿಮಗೆ ಎಲ್ಲ ಗೊತ್ತೇ ಇರುತ್ತಲ್ಲಮ್ಮ, ಬೇಜಾರಾಗುತ್ತೆ ಎಂದಿದ್ದರು.

ನನ್ನ ಮೂರನೇ ಪರೀಕ್ಷೆಯ ದಿನ ತಿಪ್ಪೇಶಿಗೂ ಪರೀಕ್ಷೆ. ಪರೀಕ್ಷೆ ಬರೆಯುವವರು ಮಗು ಎತ್ತಿಕೊಳ್ಳುವಂತಿಲ್ಲ, ಉಳಿದ ಹಳದಿ ಬಟ್ಟೆಯವರೆಲ್ಲ ರಜೆಗೆ ಊರಿಗೆ ಹೋಗಿದ್ದರು. ಅಗಸ್ತ್ಯನ ಅಪ್ಪನೇ ಅಂದು ಬೆಳಿಗ್ಗೆ ಬಂದು ಎತ್ತಿಕೊಳ್ಳುವುದೆಂದು ಮಾತಾಗಿತ್ತು. ಅವನ ಬದಲು ಫೋನ್ ಬಂತು. ಹೊಳೆ ಉಬ್ಬಿದೆ, ಲಾಂಚ್ ಆಚೆ ದಡದಲ್ಲೇ ನಿಂತಿದೆ, ಈಜಿಕೊಂಡು ಬರಲಾ ಎಂದು ಕೇಳಿದ. ಬೇಡ ಎಂದೆ. ಅವನಿಗೆ ಈಜು ಬಂದಿದ್ದರೆ ಹೂಂ ಅನ್ನುತ್ತಿದ್ದೆನೋ ಏನೋ. ಅಗಸ್ತ್ಯನನ್ನು ಎತ್ತಿಕೊಂಡು ಕೇಂದ್ರಕ್ಕೆ ಓಡಿದೆ. ಅವನಿಗೆ ಅರೆನಿದ್ದೆ, ಹಾಗಾಗಿ ನಾನು ದಾರಿಯುದ್ದಕ್ಕೂ ಆಕಳಿಸುತ್ತಾ ಓಡಿದೆ.

ಕೇಂದ್ರದಲ್ಲಿ ಪಾಂಡುರಂಗಯ್ಯ ಸರ್ ಒಬ್ಬರೇ ಇದ್ದರು. ಎಲ್ಲ ಕೇಳಿಸಿಕೊಂಡು ಅತ್ತಿಂದಿತ್ತ ನಡೆದರು. ಮಗುವಿಗೆ ಹೊಟ್ಟೆ ತುಂಬ ತಿನ್ನಿಸಿ ಮಲಗಿಸಿದರೆ ಮೂರು ಗಂಟೆ ಹೊತ್ತು ಅದಕ್ಕೆ ಯಾವ ತೊಂದರೆಯೂ ಬಾರದಿರುವ ಸಂಭವವಿದೆ ಎಂದರು. ಹಿಂದಿನ ಎರಡು ಸಲವೂ ಆ ಸಂಭವ ಇತ್ತು ಸರ್ ಎಂದೆ. ಪ್ರಿನ್ಸಿಪಾಲರಿಗೆ ಒಂದು ಮನವಿ ಕೊಟ್ಟರೆ ಎಂದರು. ಅಷ್ಟರಲ್ಲಿ ಮೊದಲ ಗಂಟೆ ಹೊಡೆಯಿತು. ಹಾಲ್‌ಟಿಕೆಟ್ ಹಿಡಿದುಕೊಂಡು ಹೋಗುತ್ತಿದ್ದ ತಿಪ್ಪೇಶಿ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದ.

"ಸರ್, ಕೈ ಮುಂದಕ್ಕೆ ತನ್ನಿ ಸರ್" ಎಂದ. "ಅಷ್ಟೇ ಸರ್."

ಸರ್ ಬೆನ್ನ ಹಿಂದಿನಿಂದ ಕೈಗಳನ್ನು ಹೊರತೆಗೆದರು. ಬಿಸಿಲು ಕಾಣದ ಗಡ್ಡೆಗಳ ಹಾಗೆ ಬೆಳ್ಳಗಿದ್ದವು. ಅವುಗಳ ಮೇಲೆ ಅಗಸ್ತ್ಯನನ್ನು ಇಟ್ಟೆ. ಒದ್ದೆ ಬಟ್ಟೆಯನ್ನು ಹೆಗಲಿಂದ ಎತ್ತಿದ ಹಾಗೆ ನನ್ನ ನಿದ್ದೆ ಹೋಯಿತು. ಸರ್ ಏನೋ ಹೇಳಲು ಬಾಯಿ ತೆರೆದವರು ದೊಡ್ಡದಾಗಿ ಆಕಳಿಸಿದರು. ಪಾಂಡುರಂಗಯ್ಯ ಸರ್ ಆಕಳಿಸಿದ್ದನ್ನು ಕಾಲೇಜಿನ ಇತಿಹಾಸದಲ್ಲಿ ಯಾರೂ ನೋಡಿರಲಿಲ್ಲ.

ಪರೀಕ್ಷೆಯ ಕೊಠಡಿ ಅಂಗಳದ ಈಚೆ, ಕೇಂದ್ರ ಆಚೆ. ನನ್ನ ಜಾಗ ಕಿಟಕಿಯ ಪಕ್ಕದಲ್ಲೇ ಇತ್ತು. ಬೇರೆ ಕಾಲೇಜಿನಿಂದ ಬಂದ ಮೇಡಂ ಒಬ್ಬರು ಮೇಲ್ವಿಚಾರಣೆಗಿದ್ದರು. ಹೊರಗೆ ಹೋದವರು ಮತ್ತೆ ಒಳಗೆ ಬರುವ ಹಾಗಿಲ್ಲ ಎಂದು ಶುರುವಿನಲ್ಲೇ ಎಚ್ಚರಿಸಿದರು. ಮೊದಲ ಪ್ರಶ್ನೆಯೇ ಬೆಟ್ಟದ ಮೇಲೆ ಹೊಗೆ ಕಂಡವನು ಬೆಂಕಿಯಿದೆ ಎಂದು ಹೇಗೆ ತಿಳಿಯುತ್ತಾನೆ ಎಂಬುದು. ಮೈಯಲ್ಲಿ ನನ್ನದೇ ಹೊಟ್ಟೆ, ನನ್ನದೇ ಕಿವಿ. ಬಾಡಿಗೆದಾರರು ಖಾಲಿ ಮಾಡಿದ ಮನೆಯ ಹಾಗಿದ್ದೆ. ಸರಸರ ಬರೆದೆ.

ಒಂದು ಗಂಟೆಯಾಗಿರಬಹುದು, ಅಂಗಳದ ಆಚೆಯಿಂದ ಗಂಡುದನಿಯ ಅಳು ಕೇಳಿಸಿತು. ಹಸಿವಿನದು, ನನಗೆ ಕೂಡಲೇ ಗೊತ್ತಾಯಿತು. ತಿನ್ನಿಸುತ್ತಾರೆ, ರಾಗಿ ಸರಿ ಮಾಡಿ ಡಬ್ಬಿಯಲ್ಲಿಟ್ಟು ಬಂದಿದ್ದೇನೆ ಎಂದು ಮುಂದಿನ ಪ್ರಶ್ನೆಗೆ ಹೋದೆ. ಕಿಟಕಿಯಲ್ಲಿ ನೋಡಿದರೆ ಪಾಂಡುರಂಗಯ್ಯ ಸರ್ ಅಳುತ್ತಾ ಕ್ಯಾಂಟೀನಿನ ಕಡೆ ಓಡುತ್ತಿದ್ದಾರೆ. ಕ್ಯಾಂಟೀನಿನ ಕಟ್ಟೆಯ ಮೇಲೆ ನಿಂತು, ಅಳುತ್ತಲೇ, ಇಡ್ಲಿಯ ಮೇಲೆ ಇಡ್ಲಿ ತಿಂದರು. ಚಟ್ನಿ ಹಾಕಿಸಿಕೊಂಡರು. ಅಳು ಜೋರಾಯಿತು. ಮತ್ತೊಂದು ಪ್ಲೇಟು ತರಿಸಿದರು. ಮಗುವಿನ ಹಸಿವಿಗೆ ತಾನು ತಿನ್ನಬಾರದು, ಮಗುವಿಗೆ ತಿನ್ನಿಸಬೇಕು ಎಂಬುದು ಹಳದಿ ಬಟ್ಟೆಯವರಿಗೆ ಅವರೇ ಹೇಳಿಕೊಡುವ ಮೊದಲ ಪಾಠ. ಹೊಟ್ಟೆ ಬಿರಿಯುವಷ್ಟು ತುಂಬಿಯೂ ಹಸಿವು ಹಾಗೇ ಇದ್ದಾಗ ಅವರು ತಟ್ಟೆಯನ್ನು ನೋಡುತ್ತಾ ಒಂದು ಗಳಿಗೆ ನಿಂತರು. ಆಮೇಲೆ ಕೈ ತೊಳೆಯದೆ ಕೇಂದ್ರದ ಕಡೆ ಓಡಿದರು. ನನ್ನ ಮುಂದಿನ ಸಾಲಿನಲ್ಲಿದ್ದ ತಿಪ್ಪೇಶಿಯ ಬೆನ್ನು ನಗುವಿನಿಂದ ಕುಲುಕುತ್ತಿತ್ತು. ಸ್ವಲ್ಪ ಹೊತ್ತಿಗೆ ಅಳು ನಿಂತಿತು.

ಇನ್ನೇನು ಅರ್ಧ ಗಂಟೆ ಇದೆ ಎನ್ನುವಾಗ ಮತ್ತೆ ಶುರುವಾಯಿತು. ಈ ಸಲದ ಅಳು ಜೋರಾಗಿರಲಿಲ್ಲ. ಉಸಿರು ಎಳೆದುಕೊಂಡು, ನಿಲ್ಲಿಸಿ, ಏನನ್ನೋ ಕೇಳಿಸಿಕೊಂಡ ಹಾಗೆ ಸುಮ್ಮನಾಗಿ, ಮತ್ತೆ ಶುರು. ನಾನು ಪೆನ್ನು ಎತ್ತಿ ಹಿಡಿದೆ. ಹಸಿವಲ್ಲ. ನಿದ್ದೆಯಲ್ಲ. ಹಲ್ಲಾದರೆ ಕೀರಲು ಇರುತ್ತದೆ. ಹೊಟ್ಟೆನೋವಾದರೆ ಬಿಟ್ಟು ಬಿಟ್ಟು ಬರುತ್ತದೆ, ಆದರೆ ಇಷ್ಟು ಮೆತ್ತಗೆ ಬರುವುದಿಲ್ಲ. ಅವನು ಹುಟ್ಟಿದಾಗಿನಿಂದ ಅವನ ಸಂಕಟಗಳನ್ನೆಲ್ಲ ಮೈಯಲ್ಲಿಟ್ಟುಕೊಂಡು ತಿರುಗಿದವಳು ನಾನು, ನನಗೆ ಗೊತ್ತಿಲ್ಲದ ಅಳು ಅವನಲ್ಲಿ ಇರಲು ಸಾಧ್ಯವಿರಲಿಲ್ಲ. ಏನೋ ಹೊಸ ರೋಗ ಎಂದುಕೊಂಡೆ. ಕಿಟಕಿಯಾಚೆ ನೋಡಿದೆ. ಸರ್ ಅಗಸ್ತ್ಯನನ್ನು ಎತ್ತಿಕೊಂಡು ಕೇಂದ್ರದ ಜಗಲಿಯಲ್ಲಿ ನಿಂತಿದ್ದರು. ಕಣ್ಣಿಂದ ನೀರು ಸುರಿಯುತ್ತಿತ್ತು. ಮುಖ ನಮ್ಮ ಕೊಠಡಿಯ ಬಾಗಿಲ ಕಡೆಗಿತ್ತು.

ನಾನು ಅರ್ಧ ಎದ್ದೆ. ಮೇಡಂ ಬೆರಳೆತ್ತಿ, ಹೊರಗೆ ಹೋದರೆ ಮುಗೀತಮ್ಮ, ವಾಪಸ್ ಬರೋ ಹಾಗಿಲ್ಲ ಎಂದರು. ಆಗ ತಿಪ್ಪೇಶಿ ತಿರುಗಿ ನೋಡಿದ. ಅವನ ಕಂಕುಳಲ್ಲಿ ಆ ದಿನ ಯಾವ ಮಗುವೂ ಇರಲಿಲ್ಲ, ಆದರೂ ಆ ಅಳುವನ್ನು ಅವನ ಮುಖ ಗುರುತು ಹಿಡಿದಿತ್ತು, ಹಳೆಯ ಬೀದಿಯ ಹೆಸರು ಕೇಳಿದವನ ಹಾಗೆ. ಬೇಡ ಎಂದು ತಲೆಯಾಡಿಸಿದ. ನಾನು ಅರ್ಧ ಎದ್ದಲ್ಲೇ ಇದ್ದೆ. ತಿರುಗಿದ ಅವನ ಕುತ್ತಿಗೆಯನ್ನೇ ನೋಡಿದೆ. ಅದೇ ಕುತ್ತಿಗೆ, ಅದೇ ನೋಟ. ಬಾಗಿಲ ಕಡೆ ನೋಡುತ್ತಾ ಕೂರುವ ಅತ್ತೆ ನೆನಪಾದರು. ಅಮ್ಮಾ ಅಮ್ಮಾ ಎಂದು ನರಳಿದ ಆಯಾ ನೆನಪಾದರು. ನನ್ನ ಉತ್ತರಪತ್ರಿಕೆಯಲ್ಲಿ ನಾನೇ ದುಂಡಾಗಿ ಬರೆದಿದ್ದ ಸಾಲು ಕಣ್ಣ ಮುಂದೆಯೇ ಇತ್ತು, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ.

ಅದು ನನಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ನಾನು ಎತ್ತಿಕೊಂಡಾಗ ಅದು ಇರುವುದಿಲ್ಲ. ನಾನು ಇಲ್ಲದಾಗ ಮಾತ್ರ ಇರುತ್ತದೆ, ಆಗ ಅದು ಇನ್ನೊಬ್ಬರ ಮೈಯಲ್ಲಿರುತ್ತದೆ. ಕೇಂದ್ರ ಬರುವ ಮೊದಲು ಅವನನ್ನು ಬಿಟ್ಟು ಬಂದಾಗ ನನ್ನ ಮೈಯಲ್ಲಿ ಎದ್ದದ್ದನ್ನು ಅವನ ಮೇಲಿನ ನನ್ನದೇ ಹಂಬಲ ಎಂದುಕೊಂಡಿದ್ದೆ. ನಾನು ಮನೆಗೆ ಚಿಕ್ಕವಳು, ಬೇರೆಯವರ ಮಗುವನ್ನು ಯಾವತ್ತೂ ಎತ್ತಿಕೊಂಡವಳಲ್ಲ.

ಕೂತೆ. ಇನ್ನೂ ಎರಡು ಪ್ರಶ್ನೆಗಳಿದ್ದವು. ಅಂಗಳದಾಚೆ ಅವನು ನನಗಾಗಿ ಅಳುತ್ತಿದ್ದ, ಒಬ್ಬ ನಡುವಯಸ್ಸಿನ ತರ್ಕಶಾಸ್ತ್ರಿಯ ಗಂಟಲಿನಲ್ಲಿ. ಕೇಳಿಸಿಕೊಳ್ಳುತ್ತಾ ಬರೆದೆ. ಅಕ್ಷರಗಳು ಸೊಟ್ಟಗಾದವು, ಆದರೆ ಹಾಳೆ ಒಣಗಿಯೇ ಇತ್ತು. ಪಾಸಾದೆ, ಈಗಲೇ ಹೇಳಿಬಿಡುತ್ತೇನೆ. ಅಂಕಗಳನ್ನು ಕೇಳಬೇಡಿ. ಅತ್ತೆ ಬೀದಿಗೆಲ್ಲ ಸಕ್ಕರೆ ಹಂಚಿ, ಸೊಸೆ ಫಸ್ಟ್ ಕ್ಲಾಸು ಎಂದು ಸುಳ್ಳು ಹೇಳಿಕೊಂಡು ಬಂದರು.

ಕೊನೆಯ ಗಂಟೆ ಹೊಡೆದಾಗ ತಿಪ್ಪೇಶಿ ನನ್ನ ಜೊತೆಗೇ ಹೊರಗೆ ಬಂದ. ಮೆಟ್ಟಿಲ ಹತ್ತಿರ ಅವನ ತೋಳು ಹಿಡಿದು ನಿಲ್ಲಿಸಿದೆ.

"ದಿನಾ ಆಗ್ತಿತ್ತಾ?" ಎಂದೆ.

ಅವನು ಚಪ್ಪಲಿ ನೋಡಿಕೊಂಡ. "ದಿನಾ ಅಕ್ಕ. ಎಲ್ಲಾ ಮಕ್ಕಳದ್ದೂ ಹಾಗೇ."

"ಮತ್ತೆ ನನಗೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಕಾಲೇಜಿಗೆ ಬರ್ತಿದ್ರಾ?" ಎಂದ. "ಶನಿವಾರದ ಮೀಟಿಂಗಲ್ಲಿ ಸರ್ ಅದೊಂದೇ ಹೇಳ್ತಿದ್ದದ್ದು. ಬೇಕಾದ್ರೆ ಮಗುನ ಕೆಳಗೆ ಬೀಳಿಸಿ, ತಾಯಂದಿರ ಹತ್ರ ಮಾತ್ರ ಇದನ್ನ ಆಡಬೇಡಿ ಅಂತ." ಆಮೇಲೆ, "ಬೀಳ್ಸಿಲ್ಲ ಅಕ್ಕ" ಎಂದು ಸೇರಿಸಿದ.

ಹಿಂದಿನ ಬೆಂಚಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುವ ಆ ಹಳದಿ ಬಟ್ಟೆಯವರೆಲ್ಲ, ಕಾಪಿ ಹೊಡೆಯುವಾಗ ಸಿಕ್ಕಿಬಿದ್ದರೆ ಗೆಳೆಯನ ಹೆಸರನ್ನು ಮೊದಲು ಹೇಳುವವರು, ಈ ಒಂದು ಗುಟ್ಟನ್ನು ಇಡೀ ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಅವರಿಗೆ ಐದು ಅಂಕ ಕಡಿಮೆಯೇ ಆಯಿತು. ತಿಪ್ಪೇಶಿಗೆ ಅಮೃತಾಂಜನ ಹಚ್ಚಿಕೊಳ್ಳಲು ಹೇಳಿದ್ದಕ್ಕೆ ನನಗೆ ನಾಚಿಕೆಯೂ ಆಯಿತು, ನಗುವೂ ಬಂತು.

ನಾವು ಅಂಗಳಕ್ಕೆ ಇಳಿದೆವು. ಜಗಲಿಯ ಮೇಲಿದ್ದ ಅಗಸ್ತ್ಯ ನನ್ನನ್ನು ಕಂಡ. ನಮ್ಮೂರಿನ ಮಕ್ಕಳ ಮುಖದಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಅವನು ಸರ್ ಹೆಗಲ ಮೇಲಿಂದ ತಣ್ಣಗೆ, ಪೋಸ್ಟ್ ಮಾಸ್ಟರರ ಹಾಗೆ ನೋಡಿದ. ಆದರೆ ಪಾಂಡುರಂಗಯ್ಯ ಸರ್ ಅಳು ಅರ್ಧಕ್ಕೇ ನಿಂತಿತು. ಮುಖ ಅರಳಿತು. ಒದ್ದೆ ಕೆನ್ನೆಯ ಮೇಲೆ, ತುಟಿಯಂಚಿನ ಚಟ್ನಿಯ ಸಮೇತ, ಅಷ್ಟು ದೊಡ್ಡ ನಗು. ಮೆಟ್ಟಿಲ ಮೇಲೆ ಕಾಲು ಕುಣಿಯಿತು. ಒಂದು ಕೈಯಲ್ಲಿ ಮಗು ಇದ್ದದ್ದರಿಂದ ಇನ್ನೊಂದು ಬಿಳಿಯ ಕೈಯನ್ನು ನನ್ನ ಕಡೆ ಪೂರ್ತಿ ಚಾಚಿ, ಬೆರಳುಗಳನ್ನು ತೆರೆದು ಮುಚ್ಚುತ್ತಾ, ಎತ್ತಿಕೋ ಎತ್ತಿಕೋ ಎನ್ನುವ ಹಾಗೆ ಮುಂದಕ್ಕೆ ವಾಲಿದರು. ಪರೀಕ್ಷೆ ಮುಗಿಸಿ ಬಂದವರೆಲ್ಲ ಅಂಗಳದಲ್ಲಿ ನಿಂತು ನೋಡಿದರು. ಯಾರನ್ನು ಎತ್ತಿಕೊಳ್ಳಬೇಕು ಎಂದು ನನಗೇ ಒಂದು ಗಳಿಗೆ ತಿಳಿಯಲಿಲ್ಲ.

ಅಗಸ್ತ್ಯನನ್ನು ಎತ್ತಿಕೊಂಡೆ. ಸರ್ ಮುಖದ ನಗು ಆರಿತು. ಚಾಚಿದ ಕೈಯನ್ನು ಒಮ್ಮೆ ನೋಡಿಕೊಂಡರು. ಬೆನ್ನ ಹಿಂದೆ ಕಟ್ಟಿಕೊಳ್ಳಲು ಹೋದರು, ಅದು ಯಾಕೋ ಅಲ್ಲಿ ಸರಿಯಾಗಿ ಕೂರಲಿಲ್ಲ, ಮತ್ತೆ ಮುಂದಕ್ಕೆ ತಂದರು. ಪ್ರಶ್ನೆಗಳು ಸುಲಭವಾಗಿದ್ದವೇನಮ್ಮ ಎಂದು ಕೇಳಿದರು. ಹೊಗೆ ಬೆಂಕಿ ಬಂದಿತ್ತು ಸರ್ ಎಂದೆ. ಅದನ್ನು ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ ಎಂದು ಏನನ್ನೋ ಶುರು ಮಾಡಿದವರು ಮುಗಿಸಲಿಲ್ಲ. ಕಣ್ಣಿಂದ ಮತ್ತೆ ನೀರು ಇಳಿಯತೊಡಗಿತು.

ತಿಪ್ಪೇಶಿ ಊರಿನ ರೂಢಿಯಂತೆ ಕೇಳಿದ.

"ಯಾರದು ಸರ್?"

"ಅಗಸ್ತ್ಯನದು" ಎಂದರು ಸರ್.

ತಿಪ್ಪೇಶಿ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ನಮ್ಮೂರಿನಲ್ಲಿ ಅದಾದ ಮೇಲೆ ಮುಂದಿನ ಪ್ರಶ್ನೆ ಕೇಳುವುದಿಲ್ಲ, ನಾವೂ ಕೇಳಲಿಲ್ಲ. ಅಗಸ್ತ್ಯ ನನ್ನ ಕಂಕುಳಲ್ಲಿದ್ದ. ನನಗೆ ಅಳು ಬಂದಿರಲಿಲ್ಲ, ಹಸಿವು ಮಾತ್ರ ಆಗಿತ್ತು.